ಕೊನೆಯ ಸಾಲು

ಐಸಿಯು ಎದುರಿನ ಬೆಂಚಿನಲ್ಲಿ ಜಯಲಕ್ಷ್ಮೀ ಮೈದುನ ಬರುವುದನ್ನು ಕಾಯುತ್ತಿದ್ದಳು. ಪಕ್ಕದಲ್ಲಿ ಕೂತ ತಾಯಿ ಮಗಳು, ಈ ಚೆನ್ನೈಯಲ್ಲಿ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ, ಕನ್ನಡದಲ್ಲೇ ಜಗಳಕ್ಕಿಳಿದಿದ್ದರು.

“ಮೂರು ವರ್ಷ ನಿಮ್ಮಪ್ಪಾರು ಒಂದು ಹನಿ ಮುಟ್ಟಿರಲಿಲ್ಲ ಶರಣ್ಯಾ. ನಿನ್ನ ಬಿಯರ್ ಬಂತು, ಎಲ್ಲಾ ಹಾಳಾತು.”

“ಅದಿನ್ನೂ ಲ್ಯಾಬಿನಾಗೆ ಐತಮ್ಮಾ. ದ್ರಾಕ್ಷಿ ಸಿಪ್ಪೆಯಾಗಿನ ಒಳ್ಳೇ ಅಂಶ ಬಿಯರಿನಾಗೂ ಬರಲಿ ಅಂತ ಅದನ್ನ ಹುಳಿಸೋ ಯೀಸ್ಟಿನ ಜೀನ್ ಬದಲಾಯಿಸೀವಿ. ನಾವೇ ಅದನ್ನ ಕುಡಿದು ನೋಡಿಲ್ಲ.”

“ಅವರು ವೈನ್‌ಶಾಪಿಂದು ಕುಡಿದ್ರು. ಬ್ಯಾಡ ಅಂದ್ರೆ ಜೇಬಿನಿಂದ ನಿನ್ನ ಸುದ್ದಿ ಬಂದ ಪೇಪರ್ ಚೂರು ತೆಗೆಯೋರು. ಬಿಯರ್ ಹಾರ್ಟಿಗೆ ಒಳ್ಳೇದು, ನನ್ನ ಮಗಳೇ ಹೇಳ್ಯಾಳೆ ಅನ್ನೋರು.”

“ನಾನೆಲ್ಲಿ ಹಂಗಂದೆ? ಅಂಗಡಿ ಬಿಯರಿನಾಗೆ ಈ ಗುಣ ಇಲ್ಲ, ಲಿವರ್ ಕೆಟ್ಟೋರು ಮುಟ್ಟಲೇಬಾರದು ಅಂತ ಕೊನೇ ಸಾಲಿನಾಗೆ ಬರೆಸೀನಿ.”

“ಕೊನೇ ಸಾಲು ಯಾರು ಓದ್ತಾರೆ?”

“ಅದು ತಮಿಳು ಪೇಪರು. ಅಪ್ಪಗೆ ತಮಿಳು ಓದಾಕೆ ಬರಂಗಿಲ್ಲ. ಓದಿ ಹೇಳಿದ್ದು ಯಾರಮ್ಮಾ?”

ಕನ್ನಡ ಬಾರದವಳಂತೆ ಜಯಲಕ್ಷ್ಮೀ ಗೋಡೆಯ ಗಡಿಯಾರ ನೋಡಿದಳು.

“ನಾನೇ,” ಎಂದಳು ತಾಯಿ, ಸಿಟ್ಟು ಇಳಿಯದ ದನಿಯಲ್ಲೇ. “ನಿನ್ನ ಹೆಸರು ಬಂದಲ್ಲಿಗೆ ನಿಲ್ಲಿಸಿ, ಪಕ್ಕದ ಮನೆಯೋರಿಗೆ ತೋರಿಸಾಕೆ ಓಡಿದೆ.”

ನರ್ಸ್ ಬಾಗಿಲು ತೆರೆದು ಕೊಟ್ರಪ್ಪನ ಕಡೆಯವರನ್ನು ಕರೆದಳು. ಇಬ್ಬರೂ ಎದ್ದರು.

“ಉಳಿದದ್ದು ನೀನೇ ಓದಿ ಹೇಳು ಅವರಿಗೆ.”

“ಎಚ್ಚರ ಆದ್ರೆ ಓದ್ತೀನಿ,” ಎಂದ ಮಗಳು ತಾಯಿಗಾಗಿ ಕಾಯದೆ ಒಳಗೆ ನಡೆದಳು.