ಸರ್ವರ್ ನಿಧಾನವಾದ ದಿನ ಅಕ್ಕ ಬಿದ್ದ ಬಗ್ಗೆ

ಎಲ್ಲರೂ ಪುಟ್ಟ ಎಂದು ಕರೆಯುವ ನಾನು, ವಯಸ್ಸು ನಲವತ್ತಮೂರು ವರ್ಷ, ಉದ್ಯೋಗ ಬೂಟು ಚಪ್ಪಲಿ ಮಾರುವ ಕಂಪನಿಯ ವ್ಯಾಪಾರ ವಿಶ್ಲೇಷಣೆ ವಿಭಾಗದಲ್ಲಿ ಸಹಾಯಕ, ವಾಸ ನೀರಿನ ಟ್ಯಾಂಕಿನ ಹಿಂದಿನ ಬೀದಿ, ಎರಡನೇ ಮಹಡಿ, ಇಂದು ಬೆಳಿಗ್ಗೆ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ನಮ್ಮ ಮನೆಯಲ್ಲಿ ನಾವು ಮೂವರು. ನಾನು, ನನ್ನ ಹೆಂಡತಿ, ನನ್ನ ಅಕ್ಕ. ಅಕ್ಕನಿಗೆ ಐವತ್ತೆರಡು ವರ್ಷ. ಅಮ್ಮ ತೀರಿಕೊಂಡಾಗ ನನಗೆ ಏಳು. ಅಲ್ಲಿಂದ ನನ್ನನ್ನು ಸಾಕಿದವಳು ಅವಳೇ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗೆ ಇದುವರೆಗೆ ಬಂದಿಲ್ಲ. ಮೂವರೂ ಒಂದೇ ಕಂಪನಿಯ ಒಂದೇ ಕೋಣೆಯಲ್ಲಿ ಕೆಲಸ ಮಾಡುತ್ತೇವೆ. ನನಗೂ ನನ್ನ ಹೆಂಡತಿಗೂ ಅಲ್ಲಿ ಕೆಲಸ ಕೊಡಿಸಿದವಳು ಅಕ್ಕ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಅತ್ತಿಗೆ ನಾದಿನಿಯರ ಜಗಳಕ್ಕೆ ಅಂಥ ಗಡುವನ್ನು ಯಾರೂ ಹೇಳಿಲ್ಲ.

ಮೊನ್ನೆ ಮಂಗಳವಾರ ನನ್ನ ಹೆಂಡತಿ ಕಂಪನಿಯ ಕೇಬಲ್ ಕಿತ್ತು, ಅಕ್ಕನನ್ನು ತಳ್ಳಿ ಕೈ ಮುರಿದಳು ಎಂದು ನಮ್ಮ ಮ್ಯಾನೇಜರು ದೂರು ಕೊಟ್ಟಿದ್ದಾರೆ. ಅಕ್ಕ ತಾನೇ ಬಿದ್ದೆ ಎಂದಿದ್ದಾಳೆ. ಆ ಹೊತ್ತಿಗೆ ಕೋಣೆಯಲ್ಲಿದ್ದ ಮೂರನೆಯವನು ನಾನೊಬ್ಬನೇ. ತಳ್ಳಿದ್ದು ನಿಜವಾದರೆ ಹೆಂಡತಿಯ ಮೇಲೆ ಕೇಸಾಗುತ್ತದೆ, ಕೆಲಸವೂ ಹೋಗುತ್ತದೆ ಎಂದು ನನಗೆ ತಿಳಿಸಲಾಗಿದೆ. ನನ್ನದು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು.

ನಮ್ಮ ಕೆಲಸ ಏನೆಂದು ಇನ್ಸ್‌ಪೆಕ್ಟರ್ ಕೇಳಿದ್ದರಿಂದ ಹೇಳುತ್ತೇನೆ. ಕಂಪನಿಗೆ ಇನ್ನೂರಕ್ಕೂ ಹೆಚ್ಚು ಅಂಗಡಿಗಳಿವೆ. ಅವುಗಳ ಮಾರಾಟದ ಲೆಕ್ಕವೆಲ್ಲ ಹಿಂದಿನ ಕೋಣೆಯ ದೊಡ್ಡ ಯಂತ್ರದಲ್ಲಿ, ಅಂದರೆ ಸರ್ವರಿನಲ್ಲಿ ಇರುತ್ತದೆ. ನಮ್ಮ ಮೇಜಿನ ಕಂಪ್ಯೂಟರಿನ ಪ್ರೋಗ್ರಾಂ ಅದನ್ನು ಅಲ್ಲಿಂದ ಕೇಳಿ ತಂದು, ಪಟ್ಟಿಯಾಗಿಯೋ ಚಿತ್ರವಾಗಿಯೋ ತೋರಿಸುತ್ತದೆ. ಬರೆದುಕೊಳ್ಳುತ್ತಿರುವ ಪೇದೆಯವರು, ಹಾಗಾದರೆ ಒಳಗೆ ಅಡುಗೆಮನೆ, ಹೊರಗೆ ಮಾಣಿ ಇದ್ದ ಹಾಗೆ ಎಂದರು. ಹೌದು. ಆದರೆ ನಮ್ಮ ಮಾಣಿ ಒಂದು ಲೋಟ ನೀರು ಕೇಳಿದರೆ ಬಾವಿಯನ್ನೇ ಎತ್ತಿ ತರಲು ಹೋಗುತ್ತಾನೆ. ಒಂದು ಅಂಗಡಿಯ ಒಂದು ದಿನದ ಮೊತ್ತ ಬೇಕಿದ್ದರೂ ಆ ಪ್ರೋಗ್ರಾಂ ವರ್ಷದ ಲೆಕ್ಕವನ್ನೆಲ್ಲ ಮೇಜಿಗೆ ಎಳೆದುಕೊಂಡು, ಆಮೇಲೆ ಕೂಡಿಸುತ್ತಾ ಕೂರುತ್ತದೆ. ಅಲ್ಲಿಯವರೆಗೆ ಪರದೆಯ ಮೇಲೆ ಒಂದು ಚಕ್ರ ತಿರುಗುತ್ತಿರುತ್ತದೆ. ಸರ್ವರಿಗೆ ನಾವಿಟ್ಟ ಅಡ್ಡಹೆಸರು ಮಾವ. ಕೇಳಿದ್ದನ್ನು ಕೊಡುತ್ತಾನೆ, ಆದರೆ ಯೋಚಿಸಿ ಕೊಡುತ್ತಾನೆ.

ಇಬ್ಬರು ಒಟ್ಟಿಗೆ ದೊಡ್ಡ ರಿಪೋರ್ಟ್ ಕೇಳಿದರೆ ಮಾವ ಯಾರಿಗೂ ಕೊಡುವುದಿಲ್ಲ. ಅದಕ್ಕೇ ನಮ್ಮ ಕೋಣೆಯಲ್ಲಿ ಒಂದು ಸ್ಟೀಲ್ ಲೋಟದ ಪದ್ಧತಿ ಇದೆ. ಲೋಟ ಯಾರ ಮಾನಿಟರಿನ ಮೇಲೆ ಬೋರಲಾಗಿದೆಯೋ ಅವರದು ಸರದಿ. ಉಳಿದವರು ಸಣ್ಣಪುಟ್ಟದ್ದನ್ನು ಮಾತ್ರ ಓಡಿಸಬೇಕು. ಈ ಪದ್ಧತಿಯನ್ನು ತಂದವಳು ಅಕ್ಕ. ಆರು ವಾರದ ಹಿಂದಿನವರೆಗೂ ಅದು ಸರಿಯಾಗಿಯೇ ನಡೆಯುತ್ತಿತ್ತು. ಆಮೇಲೆ ಯಾಕೋ ಎಲ್ಲವೂ ಆಮೆ ನಡಿಗೆಯಾಯಿತು. ಇಪ್ಪತ್ತು ನಿಮಿಷದ ರಿಪೋರ್ಟಿಗೆ ಒಂದೂಕಾಲು ಗಂಟೆ. ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡತೊಡಗಿದೆವು.

ನನ್ನ ಹೆಂಡತಿಯ ಕೆಲಸ ವ್ಯಾನುಗಳ ಪಟ್ಟಿ. ಯಾವ ಅಂಗಡಿಗೆ ಯಾವ ಅಳತೆಯ ಬೂಟು ಹೋಗಬೇಕೆಂದು ಅವಳು ಹನ್ನೊಂದರೊಳಗೆ ಕಳಿಸಬೇಕು, ಹನ್ನೊಂದಕ್ಕೆ ವ್ಯಾನುಗಳು ಹೊರಡುತ್ತವೆ. ಹಿಂದಿನ ವಾರ ಎರಡು ಸಲ ಅವಳದು ತಡವಾಯಿತು. ಎರಡನೇ ಸಲ, ಹಳೆಯ ಪಟ್ಟಿ ಹಿಡಿದು ಹೊರಟ ವ್ಯಾನು ಮಕ್ಕಳ ಬೂಟು ಕೇಳಿದ ಅಂಗಡಿಗೆ ಮುದುಕರ ಚಪ್ಪಲಿ ಇಳಿಸಿ ಬಂದಿತ್ತು. ಮೂರನೇ ಸಲವಾದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಮ್ಯಾನೇಜರು ಅವಳಿಗೆ ನಗುತ್ತಲೇ ಹೇಳಿದ್ದರು. ಆ ನಗು ಅವಳಿಗೆ ಊಟ ಸೇರದ ಹಾಗೆ ಮಾಡಿತ್ತು.

ಮಂಗಳವಾರ ಬೆಳಿಗ್ಗೆ 9.10ಕ್ಕೆ ಅಕ್ಕ ಲೋಟ ತೆಗೆದುಕೊಂಡು ವರ್ಷದ ರಿಪೋರ್ಟ್ ಓಡಿಸಿದಳು. ಹತ್ತಕ್ಕೆ ಮುಗಿಯುತ್ತದೆ ಎಂದಳು. ಮುಗಿಯಲಿಲ್ಲ. 10.20ಕ್ಕೆ ನಮ್ಮ ಕೋಣೆಯ ಉಳಿದ ಇಬ್ಬರು ಕಾಫಿಗೆ ಹೋದರು. ಚಕ್ರ ತಿರುಗುವಾಗ ಕಾಫಿಗೆ ಹೋಗುವುದು ನಮ್ಮಲ್ಲಿ ಕೆಲಸದ ಭಾಗವೇ ಆಗಿದೆ. ಆಗ ನನ್ನ ಹೆಂಡತಿ ಅಕ್ಕನ ಮೇಜಿನ ಹತ್ತಿರ ಹೋಗಿ, ಅಕ್ಕಾ, ನಿಮ್ಮದನ್ನ ನಿಲ್ಲಿಸಿ, ನಿಮ್ಮದು ಶುಕ್ರವಾರಕ್ಕೆ ಬೇಕಿರೋದು, ನನ್ನದು ಈಗ ಬೇಕು ಎಂದು ಕೇಳಿದಳು. ಅಕ್ಕ, ಎಂಬತ್ತೆಂಟು ಪರ್ಸೆಂಟಿಗೆ ಬಂದಿದೆ, ಈಗ ನಿಲ್ಲಿಸಿದ್ರೆ ಮತ್ತೆ ಸೊನ್ನೆಯಿಂದ ಶುರು, ಲೋಟ ನನ್ನ ಹತ್ರ ಇದೆ ಎಂದಳು. ಹೆಂಡತಿ, ಲೋಟ ಇಟ್ಕೊಂಡು ನೀರು ಕುಡೀರಿ, ನನ್ನ ಕೆಲಸ ಹೋಗುತ್ತೆ ಎಂದಳು. ಅಕ್ಕ, ಆ ಕೆಲಸ ಕೊಡಿಸಿದ್ದು ಯಾರಮ್ಮಾ ಎಂದು ಕೇಳಿದಳು.

ಕೆಲಸ ಕೊಡಿಸಿದ ಹನ್ನೊಂದು ವರ್ಷದಲ್ಲಿ ಆ ಮಾತನ್ನು ಅಕ್ಕ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ನನ್ನ ಹೆಂಡತಿ ಬಗ್ಗಿ, ಮೇಜಿನ ಕೆಳಗಿನ ನೆಟ್‌ವರ್ಕ್ ಕೇಬಲನ್ನು ಕಿತ್ತಳು. ಅಕ್ಕ ಕುಳಿತಲ್ಲಿಂದಲೇ ಅದರ ಇನ್ನೊಂದು ತುದಿ ಹಿಡಿದಳು.

ಮುಂದಿನದನ್ನು ಕೊನೆಗೆ ಹೇಳುತ್ತೇನೆ ಎಂದು ಕೇಳಿಕೊಂಡೆ. ಹೇಳಿಕೆ ಅಂದರೆ ಆದದ್ದು ಆದ ಹಾಗೆಯೇ ಸಾಲಾಗಿ ಬರಬೇಕು ಎಂದರು ಇನ್ಸ್‌ಪೆಕ್ಟರ್. ಆಮೇಲೆ ನನ್ನ ಮುಖ ನೋಡಿ, ಆಗಲಿ, ಆದರೆ ಹೇಳದೆ ಎದ್ದು ಹೋಗುವಂತಿಲ್ಲ ಎಂದು ನೀರು ಕೊಡಿಸಿದರು.

ಅಕ್ಕ ನೆಲದ ಮೇಲಿದ್ದಳು. ಬಲಗೈ ಮಣಿಕಟ್ಟು ತಿರುಚಿಕೊಂಡಿತ್ತು. ನನ್ನ ಹೆಂಡತಿ ತನ್ನ ದುಪಟ್ಟಾದಿಂದ ಆ ಕೈಯನ್ನು ಕಟ್ಟಿ, ಟ್ಯಾಕ್ಸಿ ಕರೆಸಿ, ತಾನೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೋಗುವಾಗ ಇಬ್ಬರೂ ಅಳುತ್ತಿದ್ದರು. ನಾನೂ ಹೊರಟೆ. ಪಟ್ಟಿ ಕಳಿಸಿ ಹೋಗಿ ಎಂದು ಮ್ಯಾನೇಜರು ಬಾಗಿಲಲ್ಲೇ ತಡೆದರು.

ಅಷ್ಟರಲ್ಲಿ ಸರ್ವರ್ ನೋಡಿಕೊಳ್ಳುವವನು ಬಂದ. ಕೇಬಲ್ ಕಿತ್ತರೂ ನನ್ನ ರಿಪೋರ್ಟ್ ಯಾಕೆ ಚುರುಕಾಗಲಿಲ್ಲ ಎಂದು ಕೇಳಿದೆ. ಕೇಳಿದವರು ಎದ್ದು ಹೋದ್ರೂ ಮಾವ ಬಡಿಸ್ತಾನೇ ಇರ್ತಾನೆ, ಕೇಬಲ್ ಕಿತ್ತು ಏನೂ ಪ್ರಯೋಜನ ಇಲ್ಲ ಎಂದು ಹೇಳಿ, ಸರ್ವರಿನಲ್ಲಿ ಆಗ ಏನೇನು ಓಡುತ್ತಿದೆ ಎಂದು ತೆಗೆದು ನೋಡಿದ. ಅಕ್ಕನದು ಒಂದು ಇತ್ತು. ನನ್ನದೊಂದು ಸಣ್ಣದಿತ್ತು. ಉಳಿದ ಮೂವತ್ತೇಳೂ ಒಂದೇ ಕಡೆಯಿಂದ ಬಂದಿದ್ದವು. ಅತಿಥಿಗಳು ಕೂರುವ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಟೀವಿ ಇದೆ. ಬಂದವರಿಗೆ ಕಂಪನಿಯ ವೈಭವ ಕಾಣಲಿ ಎಂದು ಮ್ಯಾನೇಜರು ಆರು ವಾರದ ಹಿಂದೆ ಹಾಕಿಸಿದ್ದು. ಎಲ್ಲ ಅಂಗಡಿಗಳ ಎಲ್ಲ ವರ್ಷಗಳ ಮಾರಾಟದ ಬಣ್ಣದ ಚಿತ್ರ ಅದರಲ್ಲಿ ಬರುತ್ತದೆ. ಅದು ನಿಮಿಷಕ್ಕೊಮ್ಮೆ ಎಲ್ಲವನ್ನೂ ಮೊದಲಿನಿಂದ ಕೇಳುತ್ತಿತ್ತು. ಹಿಂದೆ ಕೇಳಿದ್ದು ಬರುವ ಮೊದಲೇ ಮತ್ತೆ ಕೇಳುತ್ತಿತ್ತು. ನಾವು ಹೋಗಿ ನೋಡಿದಾಗ ಆ ಕೋಣೆಯಲ್ಲಿ ಒಬ್ಬರೂ ಇರಲಿಲ್ಲ.

ಅವನು ಟೀವಿ ಆರಿಸಿ, ಓಡುತ್ತಿದ್ದುದನ್ನೆಲ್ಲ ನಿಲ್ಲಿಸಿದ. ನಾನು ಹೆಂಡತಿಯ ಕುರ್ಚಿಯಲ್ಲಿ ಕುಳಿತು ಅವಳ ರಿಪೋರ್ಟ್ ಕೇಳಿದೆ. ಮೂರು ನಿಮಿಷವೂ ಆಗಲಿಲ್ಲ, ಬಂತು. ಹನ್ನೊಂದಕ್ಕೆ ಇನ್ನೂ ನಾಲ್ಕು ನಿಮಿಷವಿತ್ತು. ವ್ಯಾನುಗಳು ಹೊತ್ತಿಗೆ ಸರಿಯಾಗಿ ಹೊರಟವು. ನನಗೆ ಅಳು ಬಂತು.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಅಕ್ಕನ ಕೈಗೆ ಪ್ಲಾಸ್ಟರ್ ಹಾಕಿದ್ದರು. ನನ್ನ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ಅಕ್ಕ ನನ್ನನ್ನು ಹತ್ತಿರ ಕರೆದು, ಕುರ್ಚಿ ಜಾರಿತು, ನಾನೇ ಬಿದ್ದೆ ಅಂತ ಡಾಕ್ಟರಿಗೂ ಹೇಳಿದ್ದೀನಿ, ನೀನೂ ಅದನ್ನೇ ಹೇಳು, ಹೊಸ ಕಥೆ ಕಟ್ಟಬೇಡ ಎಂದಳು. ಟೀವಿಯ ವಿಷಯ ಹೇಳಿದೆ. ಅವಳು, ನಾನು ಆ ಮಾತು ಆಡಬಾರದಿತ್ತು ಕಣೋ ಎಂದಳು.

ಬುಧವಾರ ಮ್ಯಾನೇಜರು ನನ್ನನ್ನು ತಮ್ಮ ಕೋಣೆಗೆ ಕರೆದರು. ಹೋಗುವಾಗ ನೋಡಿದೆ, ಅತಿಥಿಗಳ ಕೋಣೆಯ ಟೀವಿ ಮತ್ತೆ ಉರಿಯುತ್ತಿತ್ತು. ಮನೆ ಜಗಳಾನ ಆಫೀಸಿಗೆ ತಂದ್ರು ಅಂತ ಹೇಳಿಬಿಡಿ, ಅಷ್ಟು ಸಾಕು, ಸರ್ವರ್ ವಿಷಯ ಪೊಲೀಸರಿಗೆ ಯಾಕೆ, ಅವರಿಗೆ ಅರ್ಥ ಆಗಲ್ಲ ಎಂದು ಹೇಳಿದರು. ಹೇಗೂ ಹೇಳಿದ್ದೇನೆ. ಅರ್ಥವಾಯಿತು ಎಂದೂ ಬರೆದುಕೊಳ್ಳುತ್ತೇನೆ ಎನ್ನುತ್ತಿದ್ದಾರೆ ಪೇದೆಯವರು.

ಇಂದು ಬೆಳಿಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹೆಂಡತಿ ಬಾಗಿಲ ಹತ್ತಿರ ಬಂದಳು. ಒಳಗೆ ಅಕ್ಕನಿಗೆ ತಲೆ ಬಾಚಿಕೊಟ್ಟು ಬಂದಿದ್ದಳು, ಬಾಚಣಿಗೆ ಕೈಯಲ್ಲೇ ಇತ್ತು. ನೀನು ಕಂಡದ್ದನ್ನೇ ಹೇಳು, ಅವರು ಸುಳ್ಳು ಹೇಳಿ ನನ್ನನ್ನ ಉಳಿಸಿದ್ರು ಅಂತಾದ್ರೆ ಈ ಮನೇಲಿ ನಾನು ಇನ್ನು ತಲೆ ಎತ್ತೋಕಾಗಲ್ಲ, ಇರೋ ಋಣವೇ ಸಾಕು ಎಂದಳು. ಏಟು ತಿಂದವಳು ಸುಳ್ಳು ಹೇಳು ಎನ್ನುತ್ತಾಳೆ, ಕೊಟ್ಟವಳು ನಿಜ ಹೇಳು ಎನ್ನುತ್ತಾಳೆ. ಬಸ್ಸಿನಲ್ಲಿ ಕುಳಿತು ಯೋಚಿಸಿ ಯೋಚಿಸಿ ಸಾಕಾಯಿತು.

ಈಗ ಬಿಟ್ಟದ್ದನ್ನು ಹೇಳುತ್ತೇನೆ. ಅಕ್ಕ ತಾನಾಗಿ ಬೀಳಲಿಲ್ಲ. ಕೇಬಲ್ ಬಿಡಿಸಿಕೊಳ್ಳಲು ನನ್ನ ಹೆಂಡತಿ ಅವಳ ಭುಜಕ್ಕೆ ಕೈಯಿಟ್ಟು ತಳ್ಳಿದಳು. ಕುರ್ಚಿಗೆ ಗಾಲಿ ಇತ್ತು, ಹಿಂದಕ್ಕೆ ಓಡಿ ಮಗುಚಿತು. ಬೀಳಿಸಬೇಕೆಂದು ತಳ್ಳಿದ್ದಲ್ಲ. ಆದರೆ ತಳ್ಳಿದ್ದು ಹೌದು.

ಅದಕ್ಕೂ ಮುಂಚೆ, ಇಬ್ಬರೂ ಕೇಬಲ್ ಹಿಡಿದು ಜಗ್ಗಾಡುತ್ತಿದ್ದಾಗ, ಅಕ್ಕ ನನ್ನ ಕಡೆ ತಿರುಗಿ, ಪುಟ್ಟಾ, ಬಾರೋ, ಇವಳನ್ನ ಹಿಡ್ಕೋ ಎಂದು ಕರೆದಳು. ಎರಡು ಸಲ ಕರೆದಳು. ಹೆಂಡತಿಯೂ ನನ್ನನ್ನೇ ನೋಡಿದಳು. ನನ್ನ ಮೇಜಿನಿಂದ ಅಲ್ಲಿಗೆ ಹತ್ತು ಅಡಿ. ಎದ್ದು ಹೋಗಿದ್ದರೆ ಇಬ್ಬರ ನಡುವೆ ನಿಲ್ಲಬಹುದಿತ್ತು. ನನ್ನ ರಿಪೋರ್ಟ್ ಮುಕ್ಕಾಲು ಗಂಟೆ ತಿರುಗಿ ಆಗಷ್ಟೇ ತೊಂಬತ್ತಾರಕ್ಕೆ ಬಂದಿತ್ತು. ಒಂದು ನಿಮಿಷ ಇರಿ ಎಂದು ಹೇಳಿ ಪರದೆ ನೋಡಿದೆ. ತಲೆ ಎತ್ತಿದಾಗ ಕಂಡದ್ದು ತಳ್ಳುವ ಕೈ. ಆ ರಿಪೋರ್ಟ್ ಕಾಲುಚೀಲಗಳ ಮಾರಾಟದ್ದು. ಅದನ್ನು ಯಾರೂ ಅವಸರದಲ್ಲಿ ಕೇಳಿರಲಿಲ್ಲ.

ಇನ್ಸ್‌ಪೆಕ್ಟರ್ ಇಬ್ಬರ ಹೇಳಿಕೆಗಳನ್ನೂ ತೆಗೆದು ಓದಿದರು. ನನ್ನನ್ನು ಕರೆದದ್ದಾಗಲಿ, ನಾನು ಏಳದೆ ಕುಳಿತದ್ದಾಗಲಿ ಇಬ್ಬರ ಮಾತಿನಲ್ಲೂ ಇಲ್ಲ, ನೀವು ಎದ್ದು ಓಡಿ ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು ಎಂದು ಇಬ್ಬರೂ ಹೇಳಿದ್ದಾರೆ, ಇದನ್ನು ಬಿಡೋಣವೇ ಎಂದು ಕೇಳಿದರು. ಬರೆಯಿರಿ ಎಂದೆ.

ನಾನು ಕಂಡದ್ದು, ಕೇಳಿದ್ದು, ಮಾಡದೆ ಉಳಿದದ್ದು ಇಷ್ಟು. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ. ಓದಿ ಹೇಳಿದರು, ಸರಿಯಾಗಿದೆ.

ಸ್ಥಳ: ಠಾಣೆ, ಇನ್ಸ್‌ಪೆಕ್ಟರ್ ಕೋಣೆ
ದಿನ: ತಿಂಗಳ ಹದಿನಾರು, ಗುರುವಾರ, ಬೆಳಿಗ್ಗೆ 11.40
ಸಹಿ: ಪುಟ್ಟ