ಚಳಿಗೆ ಹಾಕಿದ ಜೆಟ್

ತಡಿ, ತಡಿ, ಇನ್ನೊಂದು ಕಿಕ್ ಹೊಡೀಬೇಡ ಮಾರಾಯ್ತಿ! ಹೊಡೆದೂ ಹೊಡೆದೂ ಕಾಲು ಬಿದ್ದುಹೋಗುತ್ತೆ ನಿಂದು. ಇಳಿ ಕೆಳಗೆ. ಆ ಬ್ಯಾಗನ್ನ ಹೆಗಲಿಂದ ತೆಗೆದಿಡು, ಅದೇನು ಓಡಿಹೋಗಲ್ಲ. ತಗೋ, ಚಹಾ ಕುಡಿ. ನಾನು ನಿನ್ನೆನೇ ಹೇಳಿದ್ನೋ ಇಲ್ವೋ? ಚಳಿ ಕಣಮ್ಮ, ಎಲ್ಲಾ ಈ ಹಾಳು ಚಳಿದೇ ಕೆಲಸ.

ಯಾಕೆ ಹಾಗೆ ನೋಡ್ತೀಯ? ಬೆಳಿಗ್ಗೆ ಶಟರ್ ಎತ್ತೋವಾಗ ಕಬ್ಬಿಣ ಕೈಗೆ ಕಚ್ಚಿಕೊಳ್ತು, ಗೊತ್ತಾ? ಮನುಷ್ಯರಿಗೇ ಹೀಗಾದ್ರೆ ಗಾಡಿ ಕಥೆ ಕೇಳು. ಚಳಿಗೆ ಗಾಳಿ ಗಟ್ಟಿ ಆಗುತ್ತೆ. ಗಾಳಿ ಗಟ್ಟಿ ಆದ್ರೆ ಅದಕ್ಕೆ ತಕ್ಕ ಹಾಗೆ ಪೆಟ್ರೋಲ್ ಜಾಸ್ತಿ ಬೇಕು. ಅದಕ್ಕೇ ಮೊನ್ನೆ ಕಾರ್ಬುರೇಟರ್ ಬಿಚ್ಚಿ ಜೆಟ್ ಬದಲಾಯಿಸಿದ್ದು. ಇಷ್ಟೇ ಇಷ್ಟು ಹಿತ್ತಾಳೆ ಚೂರು, ಮಧ್ಯೆ ಪೆಟ್ರೋಲ್ ಹರಿಯೋಕೆ ಒಂದು ತೂತು. ಆ ತೂತು ಒಂಚೂರು ದೊಡ್ಡದಾಗಬೇಕು, ಅಷ್ಟೇ ಲೆಕ್ಕ. ಅಯ್ಯೋ, ನಾನೊಬ್ಬ, ನಿನಗೆ ಪಾಠ ಹೇಳ್ತಾ ಕೂತಿದ್ದೀನಿ! ಕಲಿಸಿದ್ದೇ ನಾನು. ನನ್ನ ಸೊಸೆ ಆಗಿ ಬಂದಾಗ ಸ್ಪ್ಯಾನರ್ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಿರಲಿಲ್ಲ ನಿನಗೆ. ನನ್ನ ಮಗ ಹೋದಮೇಲೆ ಒಂದು ದಿನ ನೀನು ಸುಮ್ಮನೆ ಬಂದು ಅವನ ಜಾಗದಲ್ಲಿ ಕೂತುಬಿಟ್ಟೆ... ಈಗ ನೋಡು, ಗಿರಾಕಿಗಳು ಬಂದವರೇ ನಿನ್ನನ್ನೇ ಕೇಳ್ತಾರೆ. ಮೇಸ್ತ್ರಿಯವರಿಗೆ ತೊಂದರೆ ಬೇಡ, ಅಮ್ಮನವರೇ ನೋಡ್ಲಿ ಅಂತಾರೆ. ಹೊಟ್ಟೆ ಉರಿಯುತ್ತೆ ನನಗೆ. ತಮಾಷೆಗೆ ಹೇಳ್ದೆ.

ಸುಮ್ಮನೆ ಆಸ್ಪತ್ರೆಯವರಿಗೆ ಒಂದು ಫೋನ್ ಮಾಡು. ಗಾಡಿ ಕೆಟ್ಟಿದೆ, ನಾಳೆ ಬರ್ತೀನಿ ಅನ್ನು. ಬೆಟ್ಟದ ಮೇಲೆ ಅವರ ಜನರೇಟರ್ ನೀನಿಲ್ಲದೆ ಒಂದು ದಿನ ತಿರುಗಲ್ವಾ?... ಹೂಂ, ಗೊತ್ತು, ಗೊತ್ತು. ಮೊನ್ನೆಯಿಂದ ನಾಳೆ ನಾಳೆ ಅಂತ ಹೇಳಿದ್ದಾಯ್ತು. ಇವತ್ತು ಮಧ್ಯಾಹ್ನದೊಳಗೆ ಸೇರದಿದ್ರೆ ಆ ಜನರೇಟರ್ ನೋಡ್ಕೊಳ್ಳೋ ಕೆಲಸ ಬೇರೆಯವರಿಗೆ. ಕೊಡ್ಲಿ ಬಿಡು! ಅದೇನು ದೊಡ್ಡ ಅರಮನೆ ಕೆಲಸಾನಾ? ಬಸ್ಸೂ ಹತ್ತದ ಜಾಗ. ಒಂದು ರೂಮು ಕೊಡ್ತಾರಂತೆ, ರೂಮು! ಇಲ್ಲೇನು ನಿನಗೆ ರೂಮಿಲ್ವಾ?

ಏನದು ಕೈಯಲ್ಲಿ?

ಪ್ಲಗ್ ಬಿಚ್ಚಿದ್ಯಾ? ಯಾವಾಗ? ಓ... ನಾನು ಚಹಾ ಮಾಡೋಕೆ ಒಳಗೆ ಹೋದಾಗ. ಇರಲಿ, ಇರಲಿ, ತಪ್ಪೇನಿಲ್ಲ. ತೋರಿಸು. ಒದ್ದೆ. ಕಪ್ಪಗಿದೆ, ಹೌದು. ಸ್ವಲ್ಪ ಪೆಟ್ರೋಲ್ ಜಾಸ್ತಿ ಬಿದ್ದಿರ್ಬೇಕು. ಚೋಕ್ ಎಳೆದು ಎಳೆದು ನೀನೇ... ಯಾಕೆ ನಗ್ತೀಯ? ನಗ್ತಾ ಇಲ್ವಾ? ಸರಿ, ನಗ್ಬೇಡ. ನೀನು ಹಾಗೆ ತುಟಿ ಬಿಗಿಹಿಡಿದು ನಿಂತ್ರೆ ನನಗೆ ಕೈಕಾಲೇ ಆಡಲ್ಲ.

ನೋಡು, ಪ್ಲಗ್ ನೋಡೋದು ಬೇರೆ, ಕಾರ್ಬುರೇಟರ್ ಬೇರೆ. ಒಬ್ಬರು ಬಿಚ್ಚಿದ ಕಾರ್ಬುರೇಟರ್‌ಗೆ ಇನ್ನೊಬ್ಬರು ಕೈ ಹಾಕಬಾರದು. ಬಿಚ್ಚಿದವರೇ ಮುಚ್ಚಬೇಕು. ಇದು ಈ ಅಂಗಡಿ ಕಾನೂನು, ನಿನ್ನ ಗಂಡನಿಗೂ ಇದೇ ಕಾನೂನು ಇತ್ತು. ಅವನಾದ್ರೂ ಹತ್ತು ಸಲ ಮುರಿದು ನನ್ನ ಹತ್ರ ಬೈಸಿಕೊಂಡಿದ್ದ. ನೀನು ಒಂದು ಸಲವೂ ಮುರಿದಿಲ್ಲ. ಅದು ಗೊತ್ತಿದ್ದೇ ನಾನು...

ಏನಿಲ್ಲ. ಚಹಾ ಆರುತ್ತೆ, ಕುಡಿ.

ಸ್ಕ್ರೂಡ್ರೈವರ್ ಯಾಕೆ ನನ್ನ ಕಡೆ ಚಾಚ್ತೀಯ? ಬಿಚ್ಚಬೇಕಾ? ಈಗಲೇನಾ? ಸಂಜೆ ನೋಡೋಣ ಕಣಮ್ಮ, ಬಿಸಿಲು ಬರ್ಲಿ, ಬೆರಳು ಸ್ವಲ್ಪ... ಆಯ್ತಮ್ಮ, ಆಯ್ತು! ಕಣ್ಣಲ್ಲೇ ಕೊಲ್ಬೇಡ. ಬಿಚ್ತೀನಿ. ನೀನು ಆ ಕಡೆ ನೋಡು. ಮೈಮೇಲೆ ಬಂದು ನಿಂತ್ರೆ ನನಗೆ ಕೆಲಸ ಸಾಗಲ್ಲ. ಹಾಂ, ಬಂತು. ಇಲ್ಲಿದೆ ನೋಡು ಜೆಟ್. ಸರಿಯಾಗೇ ಇದೆ ಅಲ್ವಾ, ಏನಾಗಿದೆ ಇದಕ್ಕೆ? ಏಯ್, ಕೊಡು ಇಲ್ಲಿ! ಬೆಳಕಿಗೆ ಹಿಡಿದು ಏನು ನೋಡ್ತೀಯ, ಮುತ್ತಾ ಅದು? ಕೊಡು ಅಂದೆ!

...

ಹಾಲಿನವನ ಗಾಡಿ ಜೆಟ್ ಅದು.

ರಿಪೇರಿಗೆ ಬಿಟ್ಟಿದ್ದಾನಲ್ಲ, ಆ ದೊಡ್ಡ ಗಾಡಿದು. ನಿನ್ನ ಗಾಡಿಗೆ ಇದು ಬಾವಿ ಬಾಯಿ ತೆರೆದ ಹಾಗೆ. ಪೆಟ್ರೋಲ್ ಸುರಿಯುತ್ತೆ, ಪ್ಲಗ್ ನೆನೆಯುತ್ತೆ, ಕಿಡಿ ಹಾರಲ್ಲ. ಯಾವ ಚಳಿಗೂ ಇಷ್ಟು ದೊಡ್ಡ ಜೆಟ್ ಹಾಕಲ್ಲ ಅಂತ ನಿನಗೆ ಹೇಳಿಕೊಡಬೇಕಾ? ಹೌದು. ಹೌದು ಕಣಮ್ಮ. ನಾನೇ ಹಾಕಿದ್ದು. ಬೇಕು ಅಂತಲೇ ಹಾಕಿದ್ದು.

ಬೈ. ಬೈಯಮ್ಮ, ನಿನ್ನ ಬಾಯಿಗೆ ಬಂದ ಹಾಗೆ ಬೈ! ಆ ರಸ್ತೆ ಹೇಗಿದೆ ಅಂತ ಗೊತ್ತಾ ನಿನಗೆ? ತಿರುವು, ಮತ್ತೆ ತಿರುವು, ಒಂದು ಕಡೆ ಪ್ರಪಾತ. ಬೆಳಿಗ್ಗೆ ಮಂಜು ಹೆಪ್ಪುಗಟ್ಟಿರುತ್ತೆ, ಚಕ್ರ ಜಾರಿದ್ರೆ ಕೇಳೋರಿಲ್ಲ. ಒಂದು ಸಲ ಕಳಕೊಂಡಿದ್ದೀನಿ ನಾನು. ಮಗನ್ನ ಕಳಕೊಂಡಿದ್ದೀನಿ. ಇನ್ನೊಂದು ಸಲ ಆಗಲ್ಲ ನನ್ನ ಕೈಲಿ. ಅದಕ್ಕೇ ಮಾಡ್ದೆ. ಏನು ತಪ್ಪು?

ಏನು?... ಯಾಕೆ ತಲೆ ಅಲ್ಲಾಡಿಸ್ತೀಯ?

ಹೂಂ. ಅವನು ರಸ್ತೇಲಿ ಸತ್ತವನಲ್ಲ. ಮಂಚದ ಮೇಲೆ, ಜ್ವರ ಬಂದು, ನಿನ್ನ ತೊಡೆ ಮೇಲೆ ತಲೆ ಇಟ್ಟು... ಹೌದು, ಬಿಡು. ಆ ರಸ್ತೇಲಿ ಅವನನ್ನ ಕೂರಿಸಿಕೊಂಡು ಎಷ್ಟು ಸಲ ಹೋಗಿ ಬಂದಿದ್ದೀಯ, ಅದೂ ಗೊತ್ತು. ಅವನಿಗಿಂತ ಚೆನ್ನಾಗಿ ಓಡಿಸ್ತಿದ್ದೆ. ಆ ನಿನ್ನ ಹಳೇ ಜೆಟ್ ಡ್ರಾಯರ್‌ನಲ್ಲಿ ಇದೆ, ಮುಂದಿನ ಮೂಲೇಲಿ. ತಂದುಕೊಡು. ಬೆಳಕು ಈ ಕಡೆ ಹಿಡಿ. ಇನ್ನೂ ಹತ್ತಿರ. ಬೇಡ, ನೀನು ಮುಟ್ಟಬೇಡ. ನಾನೇ ಬಿಚ್ಚಿದ್ದು, ನಾನೇ ಮುಚ್ತೀನಿ.

ಆಯ್ತು. ಪ್ಲಗ್ ಒರೆಸಿ ಹಾಕು. ಹೊಡಿ ಈಗ.

ನೋಡು! ಒಂದೇ ಕಿಕ್‌ಗೆ! ಕೇಳು ಸದ್ದು, ಎಷ್ಟು ಲಕ್ಷಣವಾಗಿದೆ. ಇನ್ನೊಂದು ಮಾತು. ಮೇಲೆ ಹೋಗ್ತಾ ಹೋಗ್ತಾ ಗಾಳಿ ತೆಳ್ಳಗಾಗುತ್ತೆ, ಗಾಡಿ ಉಬ್ಬಸ ಬಂದವರ ಹಾಗೆ ಕೆಮ್ಮೋಕೆ ಶುರು ಮಾಡುತ್ತೆ. ಹೆದರ್ಬೇಡ. ನಿಲ್ಲಿಸಿ ಗಾಳಿ ಸ್ಕ್ರೂ ಅರ್ಧ ಸುತ್ತು ಹೊರಗೆ ತಿರುಗಿಸು, ಸರಿಹೋಗುತ್ತೆ. ಬ್ಯಾಗ್ ಬಿಗಿಯಾಗಿ ಕಟ್ಟು. ಕೈಗೆ ಗ್ಲೌಸ್ ಎಲ್ಲಿ? ಹಾಕ್ಕೊ. ಹೊತ್ತಾಯ್ತು, ಹೊರಡು, ಈಗ ಹೊರಟ್ರೂ ಮಧ್ಯಾಹ್ನಕ್ಕೆ ಮುಂಚೆ ಸೇರ್ತೀಯ...

ಅಯ್ಯೋ, ಯಾಕೆ ಆಫ್ ಮಾಡ್ದೆ? ಚೆನ್ನಾಗಿ ಓಡ್ತಿತ್ತಲ್ಲ ಗಾಡಿ! ಮತ್ತೆ ಏನಾಯ್ತು?

ಯಾಕೆ ಇಳಿದೆ? ಯಾಕೆ ಹಾಗೆ ಮಾಡಿದ್ರಿ ಅಂತಾನಾ? ಹೇಳಿದ್ನಲ್ಲ, ರಸ್ತೆ ಅಂತ. ಅದು ಸುಳ್ಳು ಅಂತಲೂ ಒಪ್ಪಿಕೊಂಡೆನಲ್ಲ. ಇನ್ನೇನು ಬೇಕು ನಿನಗೆ? ಕೆಲಸಕ್ಕೆ ಜನ ಇಲ್ಲ ಅಂತಾನಾ? ಯಾರನ್ನಾದ್ರೂ ಇಟ್ಕೊಳ್ತೀನಿ. ಅಡುಗೆ? ಎರಡು ಹೊತ್ತು ಬೇಯಿಸಿಕೊಳ್ಳೋಕೆ ಬರುತ್ತೆ ನನಗೆ. ಅದಲ್ಲ. ಅದ್ಯಾವುದೂ ಅಲ್ಲ... ಹಾಗೆ ನೋಡ್ಬೇಡ ಅಂದೆ ತಾನೇ.

ಅವನು ಹೋದಮೇಲೆ ಅಪ್ಪಾ ಅನ್ನೋರು ಇಲ್ಲ ನನಗೆ. ಆದ್ರೂ ಬೆಳಿಗ್ಗೆ ಎದ್ರೆ ಮಾವಾ, ಚಹಾ ಅಂತ ಒಂದು ಧ್ವನಿ ಇತ್ತು. ಮಾವಾ ಊಟ, ಮಾವಾ ಮಾತ್ರೆ, ಮಾವಾ ಆ ಸ್ಪ್ಯಾನರ್ ಎಲ್ಲಿಟ್ರಿ. ನೀನು ಹೋದ್ರೆ ನಾನು ಬರೀ ಮೇಸ್ತ್ರಿ ಕಣಮ್ಮ. ಬೀದೀಲಿ ಹೋಗೋರಿಗೆಲ್ಲ ಮೇಸ್ತ್ರಿ. ಅದಕ್ಕೆ ಹೆದರಿಕೊಂಡೆ. ಅಷ್ಟೇ. ಚಳಿಯೂ ಅಲ್ಲ, ರಸ್ತೆಯೂ ಅಲ್ಲ.

ಅಳ್ಬೇಡ. ನೀನು ಅತ್ರೆ ನಾನು ಇನ್ನೊಂದು ಜೆಟ್ ಹುಡುಕಬೇಕಾಗುತ್ತೆ. ಗಾಡಿ ಹತ್ತು. ಹೊಡಿ ಕಿಕ್. ಹೂಂ... ಹೋಗಿ ಬಾ.

ಹೊರಡೋಕೆ ಮುಂಚೆ ಒಂದು ಸಲ ಮಾವಾ ಅಂತ ಕರೀತೀಯಾ? ಸುಮ್ಮನೆ. ಏನೂ ಕೇಳ್ಬೇಡ, ಏನೂ ಹೇಳ್ಬೇಡ, ಬರೀ ಕರಿ.