ತಾನೇ ಮುಚ್ಚಿದ ದಾರಿ

ಹೀಯುಮಾ ದ್ವೀಪಕ್ಕೆ ಹೋಗುವ ಹಡಗಿಗಾಗಿ ಸರತಿಯಲ್ಲಿ ನಿಂತಿದ್ದೆ. ನನ್ನ ಮುಂದೆ ನೆಟ್‌ವರ್ಕ್ ಕೆಲಸ ಕಲಿಯುತ್ತಿದ್ದ ಹುಡುಗಿ, ಅವಳ ಪಕ್ಕದಲ್ಲಿ ಕಲಿಸುವಾತ.

“ಟಾಲಿನ್ ಆಫೀಸಲ್ಲಿ ಕೂತು ದ್ವೀಪದ ಆಸ್ಪತ್ರೆ ರೌಟರ್ ಸರಿಮಾಡೋಕೆ ಹೋಗಿ, ನೀನು ನೆಟ್‌ನಲ್ಲಿ ಅದರೊಳಗೆ ಹೋಗಿದ್ದ ದಾರೀನೇ ಮುಚ್ಚಿದೆಯಲ್ಲ ತಾಯಿ!”

“ಸಾಕು ಬಿಡಿ ಹಿಲ್ಲಾರ್. ಅಲ್ಲಿ ನೆಟ್ ಇಲ್ದೆ ಡಾಕ್ಟರಿಗೆ ಔಷಧಿ ಬರೆದು ಕಳಿಸೋಕೂ ಆಗ್ತಿಲ್ಲ. ನನಗೆ ಅಳು ಬರ್ತಿದೆ.”

“ಹೊಸ ಸೆಟ್ಟಿಂಗ್ ಸೇವ್ ಮಾಡಿದ್ಯಾ?”

“ಇಲ್ಲ, ಅಷ್ಟರಲ್ಲೇ ಲೈನ್ ಹೋಯ್ತು.”

“ಕೆಲಸಕ್ಕೆ ಕೈ ಹಾಕೋ ಮುಂಚೆ, ಹತ್ತು ನಿಮಿಷ ಬಿಟ್ಟು ನೀನೇ ರೀಸ್ಟಾರ್ಟ್ ಆಗು ಅಂತ ರೌಟರಿಗೆ ಹೇಳಿಡು ಅಂದಿದ್ದೆ. ರೀಸ್ಟಾರ್ಟ್ ಆದ್ರೆ ಸೇವ್ ಮಾಡದೇ ಇರೋದೆಲ್ಲ ಹೋಗಿ, ಹಳೇ ದಾರಿ ತೆರೀತಿತ್ತು.”

“ಅಯ್ಯೋ, ಹೇಳಿಟ್ಟಿದ್ದೆ! ನನ್ನ ಕೆಲಸ ನಿಧಾನ ಆಗುತ್ತೇನೋ ಅಂತ ಹತ್ತು ನಿಮಿಷದ ಬದಲು ಎರಡು ಗಂಟೆ ಕೊಟ್ಟಿದ್ದೆ. ಗಾಬರೀಲಿ ಮರೆತೇಬಿಟ್ಟೆ!”

“ಎರಡು ಗಂಟೆ! ಹತ್ತೇ ನಿಮಿಷ ಕೊಟ್ಟಿದ್ರೆ ಇಲ್ಲೀವರೆಗೆ ಬರೋದೇ ಬೇಕಿರಲಿಲ್ಲ.”

ಅವಳ ಫೋನು ಬಡಿದುಕೊಂಡಿತು. ಕೇಳಿಸಿಕೊಂಡು, ಫೋನನ್ನು ಕೈಯಿಂದ ಮುಚ್ಚಿದಳು.

“ಆಸ್ಪತ್ರೆಯವರು. ನೆಟ್ ಬಂತಂತೆ! ಯಾರು ಸರಿಮಾಡಿದ್ದು ಅಂತ ಕೇಳ್ತಿದ್ದಾರೆ.”

“ಯಾರು ಕೆಡಿಸಿದ್ದು ಅಂತ ಕೇಳಿದ್ರಾ?”

“ಇಲ್ಲ.”

“ಹಾಗಾದ್ರೆ ನಿನ್ನ ಹೆಸರೇ ಹೇಳು. ಬಾ, ಮೀನು ಇಟ್ಟ ರೊಟ್ಟಿ ಕೊಡಿಸು.”

ಇಬ್ಬರೂ ಸರತಿ ಬಿಟ್ಟು ನಡೆದರು. ನಾನು ಮುಂದೆ ಸರಿದೆ.